ಯಶುವಿನ ಕಂಬಳಿ

ತರೀಕೆರೆ
ಭಾನುವಾರ

ಅವ್ವಾ,

ನೀನು ಕಳಿಸಿದ್ದ ಕಂಬಳಿಯನ್ನು ತಮ್ಮ ಪ್ರಕಾಶನ ಕೈಲೇ ವಾಪಸ್ ಕಳಿಸಿದ್ದೇನೆ. ಬೇಜಾರು ಮಾಡ್ಕೋಬೇಡ. ಈ ಕುಡಿತ ಬಿಡಿಸುವ ಕೇಂದ್ರದಲ್ಲೂ ಅದನ್ನು ಹೊದ್ದರೆ ನನಗೆ ಉಸಿರು ಕಟ್ಟುತ್ತದೆ. ಅಪ್ಪ ಕುಡಿದು ಬಂದಾಗಲೆಲ್ಲ ನೀನು ನನ್ನನ್ನು ಅದರಲ್ಲೇ ಮುಚ್ಚಿ, "ಉಸ್ರೆತ್ಬ್ಯಾಡ ಕಣೋ" ಅನ್ನುತ್ತಿದ್ದೆ. ಡಾಕ್ಟರಿಗೆ ಇಷ್ಟು ಹೇಳಿದೆ. "ಆ ಹೆದರಿಕೆ ಮರೆಯೋಕೇ ನೀವು ಕುಡಿಯೋದು ಕಲ್ತಿದ್ದು" ಅಂದರು. ಇನ್ನೊಂದು ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಬೈಕಿನ ಸದ್ದು ಕೇಳಿದರೆ ಸಾಕು, ಮಗಳು ಯಶು ಅದೇ ಕಂಬಳಿಯೊಳಗೆ ತೂರಿಕೊಳ್ಳುತ್ತಾಳೆ.

ಅದು ಅವಳ ಹತ್ತಿರವೇ ಇರಲಿ. ನಾನು ಯಗಟಿಯ ಮನೆಗೆ ಬರುವ ದಿನ ಅದನ್ನು ಎಳೆದು, "ಅಪ್ಪ ಬಂದವ್ನೆ, ಬಾರೇ" ಅನ್ನಬೇಡ. ಅವಳಾಗಿಯೇ ಮುಖ ಹೊರಗೆ ಹಾಕುವವರೆಗೆ ನಾನು ಜಗಲಿಯ ಮೇಲೇ ಕೂತಿರುತ್ತೇನೆ.

ನಿನ್ನ ಮಗ,
ಚಂದ್ರಕುಮಾರ