ಮಿಲ್ಲಿನ ಗೇಟಿಗೆ ಬಂದ ಊಟ

ಅಮ್ಮಾ,

ನೀನು ಕಣ್ಮುಚ್ಚುವವರೆಗೂ ನಡೆಸುತ್ತಿದ್ದ ಮಗ್ಗಗಳನ್ನು ಈ ವಾರ ಮಿಲ್ಲಿನವರು ನನಗೆ ಕೊಟ್ಟಿದ್ದಾರೆ. ಅದನ್ನೇ ಹೇಳೋಣವೆಂದು ಕೂತೆ. ಆದರೆ ಮನಸ್ಸೆಲ್ಲ ಇವತ್ತು ಮಧ್ಯಾಹ್ನ ನಡೆದದ್ದರ ಮೇಲೇ ಇದೆ.

ಅಪ್ಪ ಈಗ ಮನೆಯಲ್ಲೇ ಇರುತ್ತಾರೆ. ಎರಕದ ಕಾರ್ಖಾನೆಯ ಹೊಗೆ ಎದೆ ಸೇರಿದೆ, ಇನ್ನು ಕುಲುಮೆಯ ಹತ್ತಿರ ಸುಳಿಯಬೇಡಿ ಎಂದರು ಡಾಕ್ಟರು. ಅಡುಗೆ ಹೆಂಗಸರ ಕೆಲಸ ಎನ್ನುತ್ತಿದ್ದವರು ಈಗ ತಾವೇ ಒಲೆ ಹಚ್ಚುತ್ತಾರೆ. ಇವತ್ತು ನಾನು ಅವಸರದಲ್ಲಿ ಡಬ್ಬಿ ಮರೆತು ಬಂದಿದ್ದೆ. ಊಟದ ಗಂಟೆ ಹೊಡೆದಾಗ ನೋಡಿದರೆ, ಅಪ್ಪ ಅದನ್ನು ಹಿಡಿದುಕೊಂಡು ಗೇಟಿನ ಹೊರಗೆ ಏದುಸಿರು ಬಿಡುತ್ತ ನಿಂತಿದ್ದರು.

ಗೇಟಿನ ಕಾವಲುಗಾರ ಅವರ ಹಳೆಯ ಸ್ನೇಹಿತ. "ಏನಪ್ಪಾ, ಕೊನೆಗೂ ಸೌಟು ಹಿಡಿದ್ಯಾ?" ಎಂದು ನಕ್ಕ.

"ಮಗಳು ಹಸ್ಕೊಂಡಿರ್ತಾಳೆ" ಎಂದರು ಅಪ್ಪ, ಅಷ್ಟೇ.

ಗೋಡೆಯ ಪಕ್ಕ ಕೂತು ಊಟ ಮಾಡಿದೆ. ಆಲೂಗಡ್ಡೆ ಸರಿಯಾಗಿ ಬೆಂದಿರಲಿಲ್ಲ, ಉಪ್ಪೂ ಜಾಸ್ತಿಯಾಗಿತ್ತು. ಒಂದು ತುತ್ತೂ ಬಿಡಲಿಲ್ಲ. ಅಪ್ಪ ನನ್ನನ್ನೇ ನೋಡುತ್ತಿದ್ದವರು ಮೆಲ್ಲಗೆ ಕೇಳಿದರು:

"ನಿಮ್ಮಮ್ಮ ಈ ಹೊತ್ತಿಗೆ ಇಲ್ಲಿಂದ ನಮ್ಮ ಕಾರ್ಖಾನೆಗೆ ಓಡೋಡಿ ಬಂದು ನಂಗೆ ಊಟ ಕೊಡ್ತಿದ್ಲು. ನಾನು ಮುಗಿಸೋವರೆಗೂ ನಿಂತಿರ್ತಿದ್ಲು. ಅವಳು ಯಾವಾಗ ಊಟ ಮಾಡ್ತಿದ್ಲು?"

ನೀನು ಉಣ್ಣುತ್ತಿದ್ದದ್ದು ಸಂಜೆ ಮನೆಗೆ ಬಂದ ಮೇಲೆಯೇ ಎಂದು ನನಗೆ ಗೊತ್ತು. ಆದರೂ "ವಾಪಸ್ ಬಂದು ಜೊತೆಯವರ ಸಂಗಡ ಮಾಡ್ತಿದ್ಲಪ್ಪಾ" ಎಂದೆ.

ಅಪ್ಪ ತಲೆಯಾಡಿಸಿದರು. ಡಬ್ಬಿ ತೊಳೆಯಲು ಎದ್ದರೆ ನನ್ನ ಕೈಯಿಂದ ಕಿತ್ತುಕೊಂಡರು. "ನೀನು ಸ್ವಲ್ಪ ಹೊತ್ತು ಕೂತ್ಕೋ" ಎಂದರು. ಗಂಟೆ ಹೊಡೆದು ನಾನು ಒಳಗೆ ಹೋಗುವಾಗಲೂ ಅವರು ನಲ್ಲಿಯ ಕೆಳಗೆ ಬಗ್ಗಿ, ನನಗೆ ಬೆನ್ನು ಹಾಕಿ, ಅದನ್ನು ತಿಕ್ಕುತ್ತಲೇ ಇದ್ದರು.