ಸೂಜಿಯಲ್ಲಿ ಉಳಿದ ದಾರ

ಎಂವಿಪಿ ಕಾಲೋನಿ, ವಿಶಾಖಪಟ್ಟಣ
೧೬ ಸೆಪ್ಟೆಂಬರ್ ೨೦೨೫

ನನ್ನ ಅವ್ವಾ,

ಕಣ್ಣು ಹೇಗಿದೆ? ಆಪರೇಷನ್ ಆದ ಕಣ್ಣಿಗೆ ಯಾರಾದರೂ ಡ್ರಾಪ್ಸ್ ಹಾಕುತ್ತಾರಾ, ಇಲ್ಲ ನೀನೇ ತಡಕಾಡುತ್ತೀಯಾ? ಮೊಣಕಾಲು? ಫೋನಿನಲ್ಲಿ ಕೇಳಿದರೆ "ಆರಾಮಿದ್ದೀನಿ" ಅನ್ನುತ್ತೀ. ತಮ್ಮ ಶೇಷಗಿರಿ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತಿರುತ್ತಾನೆ. ಅದಕ್ಕೇ ಈ ದಪ್ಪ ಅಕ್ಷರದ ಕಾಗದ. ನಿಮ್ಮೂರಿನ ಇಂದ್ರಕೀಲಾದ್ರಿ ಬೆಟ್ಟಕ್ಕೆ ಅಮ್ಮನವರ ದರ್ಶನಕ್ಕೆ ಹೊರಟಿರುವ ನಮ್ಮ ಪಕ್ಕದ ಮನೆಯ ಇಂದಿರಮ್ಮ, ಅವನು ಬ್ಯಾಂಕಿಗೆ ಹೋದ ಮೇಲೆ ಬಂದು ನಿನ್ನ ಕೈಗೇ ಕೊಡುತ್ತಾರೆ.

ಹೊಲಿಗೆ ಮಷಿನ್ ವಿಷಯ. ನನಗೆ ಕಳಿಸಲು ಲಾರಿಗೆ ಹಾಕುವಾಗ ತಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟು: "ಅಕ್ಕಾ, ಅಜ್ಜಿ ಕಾಲದ್ದು, ಮೂರು ವರ್ಷದಿಂದ ಮೂಲೇಲಿ ಬಿದ್ದಿದೆ. ರಿಪೇರಿ ಮಾಡಿಸು, ನೆನಪಿಗೆ ಹಾಲ್‌ನಲ್ಲಿ ಇಡೋಣ. ಆದ್ರೆ ದಸರಾಕ್ಕೆ ಮುಂಚೆ ವಾಪಸ್ ಬೇಕು." ನೋಡಲು ಇಡುವ ಸಾಮಾನಿಗೆ ದಸರಾದ ಗಡುವು ಯಾಕೆ? ನನಗೆ ಅಲ್ಲೇ ಮುಳ್ಳು ಚುಚ್ಚಿತು.

ಜಗದಾಂಬಾ ಸೆಂಟರ್ ಹತ್ತಿರದ ಅಪ್ಪಲರಾಜು ಅನ್ನುವ ಮುದುಕರು ಮನೆಗೇ ಬಂದು ಬಿಚ್ಚಿದರು. ಮಷಿನ್ ಮೇಲೆ ಶೇಷಗಿರಿ ಬಳಿಸಿದ್ದ ಹೊಸ ಕರಿಬಣ್ಣ ನೋಡಿಯೇ ಬೈದರು. ಎರಡು ದಿನ ಕೂತು ಹತ್ತಿಯಿಂದ ಒರೆಸಿ ಒರೆಸಿ ತೆಗೆದಾಗ ಚಿನ್ನದ ಬಳ್ಳಿ ಎದ್ದುಬಂತು. ಎಲೆಗಳ ಮೇಲೆ ಬೆರಳಿಡಿಸಿ ನನಗೆ ಎಣಿಸಲು ಕಲಿಸಿದ್ದೆಯಲ್ಲ, ಅದೇ ಬಳ್ಳಿ. ಆಮೇಲೆ ಸೂಜಿಯ ಕೆಳಗಿನ ತಗಡು ಎತ್ತಿದರು. ಒಳಗೆ ಕೆಂಪು ನೂಲಿನ ಧೂಳು ಹೆಪ್ಪುಗಟ್ಟಿತ್ತು. ಎಣ್ಣೆ ಇನ್ನೂ ಹಸಿ. "ಅಮ್ಮಾ, ಇದಿ ಮೂಲನ ಪಡಿನ ಮಿಷನ್ ಕಾದು," ಅಂದರು. ಮೂಲೆಗೆ ಬಿದ್ದಿದ್ದ ಮಷಿನ್ ಅಲ್ಲವಂತೆ; ಮೊನ್ನೆಮೊನ್ನೆಯವರೆಗೂ ಯಾರೋ ತುಳಿದಿದ್ದಾರಂತೆ. ಯಾರು?

ಸೂಜಿಯಲ್ಲಿ ದಾರ ಹಾಗೇ ಇತ್ತು, ಅವ್ವಾ. ಬಾಬಿನ್ ತುಂಬ ಕೆಂಪು ದಾರ. ದಾರ ಬಿಚ್ಚಿ, ಬಟ್ಟೆ ಒತ್ತುವ ಪಾದದ ಕೆಳಗೆ ಚೂರುಬಟ್ಟೆ ಇಟ್ಟು, "ಮಲಗವ್ವ" ಅನ್ನದೆ ನೀನು ಯಾವತ್ತಾದರೂ ಮಷಿನ್ ಮುಚ್ಚಿದ್ದುಂಟಾ? ಅಪ್ಪ ಹೋದ ದಿನವೂ ಹಾಗೆ ಮಲಗಿಸಿಯೇ ಎದ್ದವಳು ನೀನು. ಈ ಸಲ ಅದು ಹೊಲಿಗೆಯ ನಡುವೆಯೇ ಕಚ್ಚಿಕೊಂಡಿದೆ, ಹಾಗೆಯೇ ಲಾರಿ ಹತ್ತಿದೆ. ದಸರಾಕ್ಕೆ ಬೆಟ್ಟ ಹತ್ತುವ ಭವಾನಿ ಭಕ್ತರೆಲ್ಲ ಕೆಂಪು ಉಡುತ್ತಾರೆ. ಬೆಂಜ್ ಸರ್ಕಲ್ ಹತ್ತಿರ ನಿನ್ನ ಸೊಸೆ ಶ್ರೀರಕ್ಷಾಳ ಬಟ್ಟೆ ಅಂಗಡಿ ಇದೆ. ಇನ್ನೂ ಬಿಡಿಸಿ ಹೇಳಬೇಕಾ?

ಡಾಕ್ಟರು ಸೂಜಿ ಪೋಣಿಸಲೇಬೇಡಿ ಅಂದ ಕಣ್ಣು ಅದು! ಗಾರ್ಮೆಂಟ್ಸ್ ಗೇಟಿನ ಮುಂದೆ ಹೆಂಗಸರ ಜೊತೆ ಇಪ್ಪತ್ತು ವರ್ಷ ಘೋಷಣೆ ಕೂಗಿದವಳು ನಾನು. ನನ್ನ ತಾಯಿಯ ಕಾಲು ಯಾರ ಅಂಗಡಿಗೆ ತುಳಿಯುತ್ತಿದೆ ಅಂತ ಹೇಳಲು ಒಂದು ಹಳೇ ಮಷಿನ್ ಬರಬೇಕಾಯಿತು. ಅಂಗಡಿ ಮನೆಯವರದಾದರೆ ದುಡಿಮೆ ದುಡಿಮೆಯಲ್ಲವಾ? "ಅಜ್ಜಿಗೆ ಟೈಂಪಾಸ್" ಅಂದುಬಿಟ್ಟರೆ ಮೊಣಕಾಲು ನೋಯುವುದಿಲ್ಲವಾ? ಸುಮ್ಮನೆ ಕೂರಲು ಬಾರದವಳು ನೀನು, ಅದೂ ನನಗೆ ಗೊತ್ತು. ಆದರೆ ಇಷ್ಟಪಟ್ಟು ಹೊಲಿದರೆ ಮುಚ್ಚಿಡುವುದು ಯಾಕೆ?

ಮೊಮ್ಮಗಳು ಅನುವಿಗೆ ನನ್ನ ಮುದ್ದು. ಅವಳಿಗೆ ತೆಲುಗು ಬಿಟ್ಟು ಕನ್ನಡ ಓದಲು ಬರದಿರುವುದು ಇದೊಂದು ದಿನಕ್ಕೆ ಒಳ್ಳೆಯದಾಯಿತು.

ನಿನ್ನ ಆ ನೋಯುವ ಕಾಲು ಮುಟ್ಟಿ,
ಕಮಲಾಕ್ಷಿ

ಇಂದಿರಮ್ಮ ಚಪ್ಪಲಿ ಹಾಕಿಕೊಂಡಿದ್ದಾರೆ, ಬೇಗ ಬರೆಯುತ್ತೇನೆ. ಆ ಬಾಬಿನ್ ಕೆಂಪು ದಾರದ ಸಮೇತ ಅವರ ಕೈಯಲ್ಲಿದೆ. ನಿನ್ನಿಷ್ಟದಿಂದಲೇ ಹೊಲಿಯುತ್ತಿದ್ದರೆ ದಾರ ಬಿಚ್ಚಿ ಖಾಲಿ ಬಾಬಿನ್ ವಾಪಸ್ ಕಳಿಸು. ಬಾಯಿ ಮುಚ್ಚಿಕೊಂಡು ಮಷಿನ್ ಕಳಿಸಿಬಿಡುತ್ತೇನೆ. ದಾರ ಹಾಗೇ ಬಂದರೆ ಮಷಿನ್ ಇಲ್ಲೇ ಇರುತ್ತದೆ. ಭಾನುವಾರ ನಾನೇ ಬರುತ್ತೇನೆ, ಎರಡು ಸೀರೆ ಮಡಿಸಿಟ್ಟುಕೊಂಡಿರು.