ಮೂತಿಗೆ ಮೂವತ್ತೈದು ಗ್ರಾಂ

ಮಾರ್ಚ್ 2, ಭಾನುವಾರ

ಆರು ಕೋಟುಗಳಿಗೆ ಕಾಲರ್ ಹೊಲಿಯುವುದು ಬಾಕಿ. ಸೂಜಿ ಹಿಡಿಯಲು ಮನಸ್ಸಿಲ್ಲ. ನಾನೇ ಕಡ್ಡಿ ಕಟ್ಟಿ ಬಟ್ಟೆ ಹೊದಿಸಿದ ರಿಮೋಟ್ ವಿಮಾನ ಇವತ್ತೂ ಬಿತ್ತು. ಕೈಬಿಟ್ಟ ತಕ್ಷಣ ಮೂತಿ ಮೇಲೆತ್ತಿತು, ಆಕಾಶದಲ್ಲೇ ನಿಂತಿತು, ಆಮೇಲೆ ಧೊಪ್ಪಂತ ಹುಲ್ಲಿಗೆ. ರೆಕ್ಕೆ ಉಳಿಯಿತು, ಮಾನ ಉಳಿಯಲಿಲ್ಲ.

ವಿಮಾನ ಹಾರಿಸುವವರ ಕ್ಲಬ್ಬಿನ ಕಾರ್ಯದರ್ಶಿ ಎಲ್ಲರೆದುರೇ ಅಂದ: "ಟೈಲರಮ್ಮಾ, ಅಂಗಿ ಹೊಲಿದಷ್ಟು ಸುಲಭ ಅಲ್ಲ ಇದು."

ವಿಮಾನ ಎತ್ತಿಕೊಂಡು ಬಂದೆ. ಹೊಸಬರಿಗೆ ಮೂರೇ ಅವಕಾಶ. ನನ್ನವು ಎರಡು ಮುಗಿದವು. ಮುಂದಿನ ಭಾನುವಾರ ಮೈದಾನ ಒಂದು ಸುತ್ತು ಹಾಕಿಸಿ ನೆಟ್ಟಗೆ ಇಳಿಸಬೇಕು. ಇಲ್ಲದಿದ್ದರೆ ಒಂದು ವರ್ಷ ಅಲ್ಲಿ ಹಾರಿಸುವಂತಿಲ್ಲ.

ಮಾರ್ಚ್ 4, ಮಂಗಳವಾರ

ಗಂಡ ಟೈರ್ ಅಂಗಡಿಯಿಂದ ಬಂದವರು ಕೈ ಕೂಡ ತೊಳೆಯಲಿಲ್ಲ. "ಎಲ್ಲಿ, ಎತ್ತು ನೋಡೋಣ."

ರೆಕ್ಕೆಗಳ ಕೆಳಗೆ, ತೂಕ ಸಮನಾಗಬೇಕೆಂದು ನಕ್ಷೆಯಲ್ಲಿ ಗುರುತು ಹಾಕಿದ್ದ ಕಡೆ, ಒಂದೊಂದು ಬೆರಳಿಟ್ಟು ಎತ್ತಿದೆ. ಬಾಲ ದಬಕ್ಕನೆ ಕೆಳಗೆ ಹೋಯಿತು.

"ಕಡ್ಡಿ ಕಟ್ಟಿದಾಗ ಸರಿಯಾಗೇ ಇತ್ತು ರೀ. ನಾನೇ ನೋಡಿದ್ದೆ."

"ಬಟ್ಟೆ ಹಾಕಿದ ಮೇಲೆ ನೋಡಿದ್ಯಾ?"

ನೋಡಿರಲಿಲ್ಲ. ಬಾಲದ ಅಂಚು ಸವರಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇ, ಬಾಲಕ್ಕೂ ಡಬಲ್ ಮಡಿಕೆ ಹೊಲಿದಿದ್ದೀಯಲ್ಲೇ! ಇದನ್ನ ಯಾರು ಒಗೀತಾರೆ?"

ಇಪ್ಪತ್ತು ವರ್ಷದ ಅಭ್ಯಾಸ... ಅಂಚು ಕಂಡರೆ ಕೈ ತಾನಾಗಿ ಎರಡು ಸಲ ಮಡಚುತ್ತದೆ. ಮೈಯೆಲ್ಲ ಉರಿಯಿತು, ನನ್ನ ಮೇಲೆಯೇ. ಬಿಚ್ಚುವ ಹಾಗೂ ಇಲ್ಲ, ಗೋಂದು ಹಚ್ಚಿಬಿಟ್ಟಿದ್ದೇನೆ.

"ಮೂತಿಗೆ ತೂಕ ಹಾಕು, ಸರಿಹೋಗುತ್ತೆ."

"ಹಾರೋದಕ್ಕೆ ಇನ್ನೂ ಭಾರ ಹೊರಿಸೋದಾ? ನಿಮಗೆ ತಲೆ ನೆಟ್ಟಗಿದೆಯಾ?"

ಮಾತು ಬಿಟ್ಟಿದ್ದೇವೆ.

ಮಾರ್ಚ್ 7, ಶುಕ್ರವಾರ

ಮೂರು ದಿನ ಹಟ. ಇವತ್ತು ಸೋತೆ.

ಬುಧವಾರದಿಂದ ಹೊಲಿಗೆ ಯಂತ್ರದ ಪಕ್ಕ ಒಂದು ಡಬ್ಬಿ. ಇಟ್ಟವರು ತುಟಿಪಿಟಕ್ ಅಂದಿಲ್ಲ. ಕಾರಿನ ಚಕ್ರ ಕುಲುಕದಿರಲೆಂದು ರಿಮ್ಮಿಗೆ ಅಂಟಿಸುವ ಸೀಸದ ತುಂಡುಗಳು, ಒಂದೊಂದು ಐದು ಗ್ರಾಂ.

ಬ್ಯಾಟರಿ ಒಳಗಿಟ್ಟೆ, ಪ್ರೊಪೆಲ್ಲರ್ ಹಾಕಿದೆ — ಹಾರುವಾಗ ಇರುವುದೆಲ್ಲ ಇರಬೇಕಲ್ಲ. ಮೂತಿಯೊಳಗೆ ಒಂದು... ಎರಡು... ನಾಲ್ಕು. ಬಾಲ ಇನ್ನೂ ಕೆಳಗೇ. ಆರಕ್ಕೆ ಸಮ. ಏಳನೆಯದಕ್ಕೆ ಮೂತಿ ಒಂಚೂರು ಬಗ್ಗಿತು. ಅಷ್ಟೇ ಬೇಕಿತ್ತು.

"ರೀ, ಬನ್ನಿ ಇಲ್ಲಿ!"

ಬಾಗಿಲ ಹಿಂದೆಯೇ ನಿಂತಿದ್ದರು, ಕಳ್ಳ.

ಮಾರ್ಚ್ 9, ಭಾನುವಾರ, ಬೆಳಗ್ಗೆ 11

ಹಾರಿತು! ಹಾರಿಬಿಟ್ಟಿತು! ಅಕ್ಷರವೆಲ್ಲ ಕೋಳಿಕಾಲು, ಇರಲಿ.

ಗಂಡ ಕೈಯಿಂದ ಬಿಟ್ಟರು. ಮೂತಿ ಈ ಸಲ ಮೇಲೆತ್ತಲಿಲ್ಲ. ನೇರ ಹೋಯಿತು, ನಿಧಾನ ಏರಿತು, ಹೇಳಿದ ಕಡೆ ತಿರುಗಿತು. ಮೈದಾನದ ಒಂದು ಸುತ್ತು ಮುಗಿಯಿತು. ಸಾಲದು ಅಂತ ಇನ್ನೊಂದು — ಕಾರ್ಯದರ್ಶಿಯ ಹೊಟ್ಟೆ ಉರಿಸಲೆಂದೇ. ಆಮೇಲೆ ಹುಲ್ಲಿನ ಮೇಲೆ ಜಾರುತ್ತ ಬಂದು ನನ್ನ ಕಾಲ ಬಳಿ ನಿಂತಿತು.

ಗಂಡ ಶಿಳ್ಳೆ ಹೊಡೆದರು, ಈ ವಯಸ್ಸಿನಲ್ಲಿ! ನನಗೆ ಅಳು ಬಂತು. ತಡೆಯಲಿಲ್ಲ. ಕಾರ್ಯದರ್ಶಿ ಪುಸ್ತಕಕ್ಕೆ ಸಹಿ ಹಾಕಿದ, ಮುಖ ಮಾತ್ರ ನೋಡಲಿಲ್ಲ.

ಅದೇ ದಿನ, ಸಂಜೆ 5

ಬಾಗಿಲಲ್ಲಿ ಕಾರ್ಯದರ್ಶಿ! ಕಂಕುಳಲ್ಲಿ ಅವನ ಹೊಸ ವಿಮಾನ.

"ಮೇಡಂ... ಇದರದ್ದೂ ಬಾಲ ಎಳೀತಿದೆ. ಸ್ವಲ್ಪ ನೋಡಿಕೊಡ್ತೀರಾ?"

ಕೂರಿಸಿದೆ. ಒಳಗೆ ಬಂದರೆ ಗಂಡನ ಪಿಸುಮಾತು: "ಹತ್ತು ನಿಮಿಷ ಕಾಯಿಸು ಅವನನ್ನ."

ಕಾಯಲಿ. ಬೇಕಂತಲೇ ಡೈರಿ ಬರೆಯುತ್ತ ಕೂತಿದ್ದೇನೆ. ಆಯಿತು ಮೂರು ನಿಮಿಷ. ನಾಲ್ಕು... ಅಯ್ಯೋ, ಆಗುವುದಿಲ್ಲ, ಆ ಬಾಲ ಒಂದು ಸಲ ಎತ್ತಿ ನೋಡಲೇಬೇ—